ಖಣ ಸುತ್ತಿದ ಬಾಟಲಿಗಳು

ಆರು ಬಾಟಲಿಗಳಿಗೂ ಒಂದೊಂದು ಕುಪ್ಪಸದ ಖಣ ಸುತ್ತಿ, ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಬಿಗಿದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಾಗ, ಆರು ಮಂದಿ ಮುತ್ತೈದೆಯರು ಆರತಿಗೆ ಕಾಯುತ್ತ ಕೂತಿದ್ದಾರೆ ಅನ್ನಿಸಿ ಉಮಾಶಂಕರನಿಗೆ ನಗು ಬರಬೇಕಿತ್ತು. ಬರಲಿಲ್ಲ. ವಾರವಿಡೀ ಆಸ್ಪತ್ರೆಯಲ್ಲಿ ಆನ್-ಕಾಲ್ ಡ್ಯೂಟಿ ಮಾಡಿ ನಿದ್ದೆಗೆಟ್ಟ ಕಣ್ಣುಗಳು ಉರಿಯುತ್ತಿದ್ದವು. ಬಾಟಲಿಯ ಚೀಟಿ ಯಾರಿಗೂ ಕಾಣಬಾರದು, ರುಚಿ ನೋಡಿಯೇ ಯಾವುದು ಯಾವುದೆಂದು ಹೇಳಬೇಕು. ಅದು ಆಸ್ಪತ್ರೆಯ ಹಿರಿಯ ಡಾಕ್ಟರು ವಿಟ್ಲಾಕ್ ಅವರ ವೈನ್ ಕೂಟದ ಪದ್ಧತಿ. ಉಳಿದವರು ಕಾಗದದ ಚೀಲ ಹಾಕಿಕೊಂಡು ಬರುತ್ತಾರೆ. ತಣ್ಣಗಿನ ಬಾಟಲಿ ಬೆವರಿ ಕಾಗದ ಹರಿದುಹೋಗುತ್ತದೆಂದು ಅವನು ಬೀರುವಿನ ಕೆಳಗಿನ ಖಾನೆಗೆ ಕೈಹಾಕಿದ್ದ. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕನ್ನಡದ ಮನೆಗಳು ಹಬ್ಬಕ್ಕೆ, ಗೃಹಪ್ರವೇಶಕ್ಕೆ ಅಂತ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತ, ಯಾರೂ ಹೊಲಿಸದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುತ್ತಲೇ ಇರುವ ಖಣಗಳು ಅಲ್ಲಿ ರಾಶಿ ಬಿದ್ದಿದ್ದವು.

“ಬಾಟ್ಲಿಗೋಳಿಗೆ ಉಡಿ ತುಂಬಾಕ ಹತ್ತೀರೇನ್ರೀ?” ಹೆಂಡತಿ ಅಂಬುಜಾ ಸ್ನಾನ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು. “ಅಯ್ಯ ಶಿವನ! ಆ ಹಸರು ಖಣ ಬಿಡ್ರಿ, ಅದು ನನ್ನ ಗೆಳತಿ ಪ್ರಭಾವತಿ ಊರಿಂದ ತಂದು ಕೊಟ್ಟದ್ದು. ಅದಕ್ಕೂ ಸೆರೆ ಕುಡಿಸ್ತೀರೇನು?”

“ಸೆರೆ ಅಲ್ಲ ಅದು, ವೈನು. ಎಷ್ಟು ಸಲ ಹೇಳ್ಲಿ ನಿನಗ.”

“ಕುಡದು ಗಾಡಿ ಹೊಡೀಬ್ಯಾಡ್ರಿ ಮತ್ತ.”

“ಕುಡಿಯೋದಿಲ್ಲ, ಬಾಯಾಗ ಹಾಕ್ಕೊಂಡು ಉಗುಳತೀವಿ. ತಿಳೀಲಿಲ್ಲಂದ್ರ ಸುಮ್ಕಿರು.”

“ಉಗುಳಾಕ ಅಷ್ಟು ದೂರ ಹೋಗಬೇಕೇನ್ರೀ, ಹಿತ್ತಲ ಇಲ್ಲೇನು?” ಅಂದು ನಕ್ಕು, ಆಮೇಲೆ ನಗು ನಿಲ್ಲಿಸಿ, ಅವನ ಕೋಟಿನ ಹೆಗಲ ಮೇಲಿದ್ದ ಕೂದಲೊಂದನ್ನು ತೆಗೆದು ಹಾಕಿದಳು. “ಇವತ್ತು ಕೇಳಿಬಿಡ್ರಿ. ಬಾಯಿಬಿಟ್ಟು ಕೇಳ್ರಿ. ಕ್ರಿಸ್‌ಮಸ್‌ಗೆ ವಿಟ್ಲಾಕ್ ಸಾಹೇಬ್ರು ರಿಟೈರ್ ಆದ್ರ ಆಮ್ಯಾಲೆ ನಿಮ್ಮ ಪರವಾಗಿ ಮಾತಾಡವ್ರು ಯಾರದಾರ?”

ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಹದಿನೆಂಟು ವರ್ಷದಿಂದ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತ ಬಂದಿದ್ದರೂ ಅವನು ಸ್ಟಾಫ್ ಗ್ರೇಡ್, ಮೇಲಿನವರ ಕೈಕೆಳಗಿನ ಡಾಕ್ಟರು. ಸ್ವಂತ ಜವಾಬ್ದಾರಿಯ ಕನ್ಸಲ್ಟೆಂಟ್ ಅಲ್ಲ, ಆಗುವ ದಾರಿಯಲ್ಲಿ ಇರುವವನೂ ಅಲ್ಲ; ನಡುವೆ ಎಲ್ಲೋ ಬಸ್ಸು ಕೆಟ್ಟು ನಿಂತ ಕಡೆ ಇಳಿದುಕೊಂಡವನು. ಹೋದ ವರ್ಷ ಹೊಸ ಕಾನೂನು ಬಂದಿತ್ತು. ಇಂಥ ಹಳಬರು ತಮ್ಮ ಅನುಭವ ತೋರಿಸಿ, ಮೇಲಿನವರು ‘ಈತ ನಮ್ಮ ಸಮಾನ’ ಎಂದು ಮಾತು ಕೊಟ್ಟರೆ ಕನ್ಸಲ್ಟೆಂಟ್ ಆಗಬಹುದು. ಮೇಲಿನವರೆಂದರೆ ಪೀಟರ್ ವಿಟ್ಲಾಕ್. ಹೋದ ವಾರ ಆಪರೇಷನ್ ಥಿಯೇಟರಿನ ಹೊರಗೆ ಕೈ ತೊಳೆಯುತ್ತಿದ್ದಾಗ ಉಮಾಶಂಕರ ಗಂಟಲು ಸರಿಮಾಡಿಕೊಂಡು, ಮೂರು ಸಲ ಕ್ಷಮೆ ಕೇಳಿ, ವಿಷಯ ಎತ್ತಿದ್ದ. ವಿಟ್ಲಾಕ್ ಕೈ ಒರೆಸಿಕೊಳ್ಳುತ್ತ, “ಶನಿವಾರ ನಿನ್ನ ಜರ್ಮನ್ ವೈನುಗಳನ್ನು ತೆಗೆದುಕೊಂಡು ಮನೆಗೆ ಬಾ, ಉಮಾ. ಕೂಟ ಮುಗಿದ ಮೇಲೆ ಮಾತಾಡೋಣ,” ಅಂದಿದ್ದರು. ಉಮಾ. ಹದಿನೆಂಟು ವರ್ಷ ಹೆಂಗಸಿನ ಹೆಸರು. ಮೊದಲ ವಾರವೇ ಸರಿಪಡಿಸಬಹುದಿತ್ತು. ದೊಡ್ಡವರು ಬಾಯಿತುಂಬ ಕರೆದಿದ್ದಾರೆ, ಅದರಲ್ಲೇನು ಅಂತ ಬಿಟ್ಟ. ಆಮೇಲೆ ಎದೆಯ ಮೇಲಿನ ಬ್ಯಾಡ್ಜಿನಲ್ಲೂ ಅದೇ ಬಂದು ಕೂತಿತು.

ವಾಲ್ಸಾಲಿನಿಂದ ಸಟನ್ ಕೋಲ್ಡ್‌ಫೀಲ್ಡ್ ಕಡೆಗೆ ಕಾರು ಓಡಿಸುವಾಗ ಹಿಂದಿನ ಸೀಟಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದು ಮಾಡುತ್ತಿದ್ದವು. ವೈನಿನ ಗೊಡವೆಯೇ ಬೇಕಿರಲಿಲ್ಲ ಅವನಿಗೆ. ಬಿಜಾಪುರದ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಬಾಟಲಿ ಹಿಡಿದವನನ್ನು ಕಂಡರೆ ಓಣಿ ಬದಲಾಯಿಸುತ್ತಿದ್ದವನು. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಒಂದು ಕೆಲಸದ ಸಂದರ್ಶನದಲ್ಲಿ ಬಿದ್ದಾಗ, ಯಾಕೆಂದು ಕೇಳಿದ್ದಕ್ಕೆ, ನೀನು ನಾಲ್ಕು ಜನರ ಜೊತೆ ಬೆರೆಯುವುದಿಲ್ಲ ಅಂದಿದ್ದರು. ಬೆರೆಯಲೆಂದು ವಿಟ್ಲಾಕ್ ಅವರ ಕೂಟಕ್ಕೆ ಹೋಗತೊಡಗಿದ. ಫ್ರಾನ್ಸಿನ ಕೆಂಪು ವೈನು ನಾಲಿಗೆಯ ಮೇಲೆ ಬಾಳೆಕಾಯಿ ಜಗಿದ ಹಾಗೆ ಒಗರೊಗರಾಗಿ ಕೂರುತ್ತಿತ್ತು. ನುಂಗಿ, ತಲೆಯಾಡಿಸಿ, ಅದ್ಭುತ ಅನ್ನುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಯಾರೋ ತಮಾಷೆಗೆ ಒಂದು ಜರ್ಮನ್ ರೀಸ್ಲಿಂಗ್ ತಂದಿದ್ದರು. ರೀಸ್ಲಿಂಗ್ ಅನ್ನುವುದು ಅಲ್ಲಿಯ ಬಿಳಿ ದ್ರಾಕ್ಷಿಯ ಜಾತಿ, ಚಳಿಗೆ ಹೆದರದ್ದು, ನಿಧಾನವಾಗಿ ಹಣ್ಣಾಗುವಂಥದ್ದು. ತೆಳ್ಳಗೆ, ಹುಳಿಸಿಹಿಯಾಗಿ ಅದು ಬಾಯಿಗೆ ಬಂದದ್ದೇ ತಡ, ತಿಕೋಟಾದಲ್ಲಿ ಅಣ್ಣ ಬಸವಲಿಂಗಪ್ಪನ ತೋಟದ ಮೊದಲ ಕೊಯ್ಲಿನ ದ್ರಾಕ್ಷಿಯನ್ನು ನಿಂತಲ್ಲೇ ಗೊಂಚಲಿನಿಂದ ಕಿತ್ತು ತಿಂದ ನೆನಪಾಗಿ, ಯೋಚಿಸದೆ, “ಇದು ನನಗೆ ಸೇರಿತು,” ಅಂದುಬಿಟ್ಟಿದ್ದ. ಎಲ್ಲರೂ ನಕ್ಕಿದ್ದರು. ಈ ದೇಶದಲ್ಲಿ ಜರ್ಮನ್ ವೈನೆಂದರೆ ಸೂಪರ್‌ಮಾರ್ಕೆಟ್ಟಿನ ಅಗ್ಗದ ಸಿಹಿನೀರು, ಅತ್ತೆಯಂದಿರು ಕ್ರಿಸ್‌ಮಸ್‌ನಲ್ಲಿ ಕುಡಿಯುವಂಥದ್ದು ಅನ್ನುವ ಮಾತಿತ್ತು. ಉಮಾಗೆ ಸಿಹಿ ಇಷ್ಟವಂತೆ ಅನ್ನುವುದು ಆಮೇಲೆ ವರ್ಷಗಟ್ಟಲೆ ನಡೆಯಿತು. ಅದೇ ಹಟಕ್ಕೆ ಬಿದ್ದು ಓದತೊಡಗಿದ್ದ.

ಓದುತ್ತ ಹೋದಂತೆ ಅದರ ಶಿಸ್ತು ಅವನನ್ನು ಹಿಡಿದುಕೊಂಡಿತು. ಫ್ರಾನ್ಸಿನವರದು ಜಹಗೀರು ಇದ್ದಂತೆ, ಇಂಥ ನೆಲದಲ್ಲಿ ಹುಟ್ಟಿದ ವೈನು ದೊಡ್ಡದು, ಮುಗಿಯಿತು. ಜರ್ಮನ್ನರ ಕಾಯಿದೆ ನೆಲ ಕೇಳುವುದಿಲ್ಲ. ಕೊಯ್ದ ದಿನ ರಸದಲ್ಲಿ ಸಿಹಿ ಎಷ್ಟಿದೆ ಅಂತ ಅಳೆದು ದರ್ಜೆ ಕೊಡುತ್ತದೆ. ಒಂದೇ ಗುಡ್ಡ, ಒಂದೇ ಬಳ್ಳಿ. ಬೇಗ ಕೊಯ್ದರೆ ಕಾಬಿನೆಟ್. ಬಿಟ್ಟು, ತಡವಾಗಿ ಕೊಯ್ದರೆ ಷ್ಪೇಟ್‌ಲೇಸೆ. ಗೊಂಚಲು ಆರಿಸಿ ಕೊಯ್ದರೆ ಔಸ್‌ಲೇಸೆ. ಇನ್ನೂ ಬಿಟ್ಟು, ಬೂಷ್ಟು ಹಿಡಿದು ಬಳ್ಳಿಯ ಮೇಲೇ ಒಣದ್ರಾಕ್ಷಿಯಾದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಹಿಂಡಿದರೆ ಎಲ್ಲಕ್ಕಿಂತ ಮೇಲಿನದು. ಅದರ ಹೆಸರು ಗೂಡ್ಸ್ ರೈಲಿನಷ್ಟು ಉದ್ದ. ಕೆಳದರ್ಜೆಯ ವೈನಿಗೆ ಹುದುಗುವ ಮೊದಲು ಸಕ್ಕರೆ ಬೆರೆಸಲು ಕಾಯಿದೆಯೇ ಒಪ್ಪುತ್ತದೆ. ಮೇಲ್ದರ್ಜೆಗೆ ಒಂದು ಹರಳೂ ಸೇರಿಸುವಂತಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಬಸವಲಿಂಗಪ್ಪ, “ಏ ತಮ್ಮಾ, ಕೊಳತ ದ್ರಾಕ್ಷಿಗೆ ರೇಟ್ ಹೆಚ್ಚು ಅಂತೀಯಾ? ನಾವು ತಿಪ್ಪಿಗೆ ಒಗೀತೀವಲ್ಲೋ ಅದನ್ನ!” ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಜರ್ಮನಿಯ ಮೋಸೆಲ್ ನದಿಯ ದಂಡೆಗೆ ಒಮ್ಮೆ ಅಂಬುಜಾಳನ್ನೂ ಕರೆದುಕೊಂಡು ಹೋಗಿದ್ದ. ಗೋಡೆಯಂತೆ ನೆಟ್ಟಗೆ ನಿಂತ ಗುಡ್ಡ, ಅದರ ತುಂಬ ಕಪ್ಪು ಕಲ್ಲಿನ ಚಪ್ಪಡಿ ಚೂರು, ಅದರಲ್ಲಿ ಬಳ್ಳಿ. ಅವಳು ನದಿಯ ಬದಿಯ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿ, ಗುಡ್ಡದಲ್ಲಿ ಇನ್ನೂ ಕೊಯ್ಯದೆ ಬಿಟ್ಟ ಸಾಲುಗಳನ್ನು ತೋರಿಸಿ, ಅವನ್ನು ಯಾಕೆ ಹಾಗೆ ಬಿಟ್ಟಿದ್ದಾರೆ ಅಂತ ಕೇಳಿದ್ದಳು. ಕಾದರೆ ಸಿಹಿ ಏರುತ್ತದೆ ಅಂದ. “ಮಳಿ ಬಂದ್ರ?” ಹೋಯಿತು. “ಹಕ್ಕಿ ತಿಂದ್ರ?” ಹೋಯಿತು. “ಹಂಗಾರ ನಿಮ್ಮನ್ನೂ ಹಿಂಗ ಬಿಟ್ಟಾರ ನೋಡ್ರಿ ಆಸ್ಪತ್ರಿಯವರು,” ಅಂದು ಅವಳು ಚಿತ್ರಾನ್ನದ ತುತ್ತು ಅವನ ಕೈಗಿಟ್ಟಿದ್ದಳು. ಅವಳು ತಮಾಷೆಗೆ ಅಂದದ್ದು ಅಂದುಕೊಂಡು ಅವನು ಆಗ ನಕ್ಕಿದ್ದ.

ವಿಟ್ಲಾಕ್ ಅವರ ಮನೆಯ ಹಿಂಬದಿಯ ಗಾಜಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಆಗಲೇ ಕೂತಿದ್ದರು. ಅಕ್ಟೋಬರಿನ ಬಿಸಿಲು ಬಿದ್ದೂ ಬೀಳದ ಹಾಗೆ ಇತ್ತು. ಸರ್ಜನ್ನರಿಬ್ಬರು, ಒಬ್ಬ ನಿವೃತ್ತ ಫ್ಯಾಮಿಲಿ ಡಾಕ್ಟರು, ಅವರವರ ಹೆಂಡಂದಿರು, ಮೂಲೆಯಲ್ಲಿ ವಿನಾಯಕ. ಬೆಂಗಳೂರಿನ ಹುಡುಗ. ಏಳು ವರ್ಷದ ಹಿಂದೆ ಈ ಆಸ್ಪತ್ರೆಗೆ ಟ್ರೈನಿಯಾಗಿ ಬಂದಾಗ ಬೆನ್ನಿನ ಸೂಜಿ ಹಾಕುವುದನ್ನು ಅವನ ಕೈ ಹಿಡಿದು ಕಲಿಸಿದ್ದು ಉಮಾಶಂಕರನೇ. ಈಗ ವಿನಾಯಕ ಕನ್ಸಲ್ಟೆಂಟ್, ಪಕ್ಕದ ಆಸ್ಪತ್ರೆಯಲ್ಲಿ. ಉಮಾಶಂಕರನ ಕೈಯಿಂದ ಬಾಟಲಿಗಳ ಪೆಟ್ಟಿಗೆ ಇಸಿದುಕೊಂಡು, “ಏನ್ ಸರ್, ಆಂಟಿ ಬ್ಲೌಸ್ ಪೀಸ್ ಎಲ್ಲಾ ಖಾಲಿ ಮಾಡ್ಬಿಟ್ರಾ?” ಅಂತ ಕಿವಿಯಲ್ಲಿ ಅಂದ. ತಿರುಗಿ, ಅದೇ ಉಸಿರಿನಲ್ಲಿ, “ಪೀಟರ್, ಉಗುಳುವ ಬಕೆಟ್ ಎಲ್ಲಿಡಲಿ?” ಅಂತ ಕೂಗಿದ. ಪೀಟರ್! ಉಮಾಶಂಕರನ ಬೆನ್ನು ತಾನಾಗಿ ಒಂದಿಷ್ಟು ಬಗ್ಗಿತು, ಆ ಕೂಗಿಗೆ ತಾನೇ ಕ್ಷಮೆ ಕೇಳಬೇಕೇನೋ ಅನ್ನುವಂತೆ. ವಿಟ್ಲಾಕ್ ಅವರ ಹೆಂಡತಿ ಮಾರ್ಗರೆಟ್ ಖಣಗಳನ್ನು ಮುಟ್ಟಿ ಮುಟ್ಟಿ ನೋಡಿ, ಎಷ್ಟು ಚಂದ, ಎಷ್ಟು ಚಂದ ಅಂದರು.

ಮಾತು ಶುರುಮಾಡಿದ ಮೇಲೆ ಅವನಿಗೆ ಅಷ್ಟು ಕಷ್ಟವಾಗಲಿಲ್ಲ. ದರ್ಜೆಗಳನ್ನು ಹೇಳಿದ, ಬೂಷ್ಟು ಹಿಡಿದ ದ್ರಾಕ್ಷಿಯ ಬಗ್ಗೆ ಅಣ್ಣ ಅಂದದ್ದನ್ನು ಹೇಳಿದ. ಜನ ಮನಸಾರೆ ನಕ್ಕರು. ಮೊದಲೆರಡು ಬಾಟಲಿ ಸುಸೂತ್ರವಾಗಿ ಹೋದವು. ಮೂರು ಮತ್ತು ನಾಲ್ಕನ್ನು ಜೋಡಿಯಾಗಿ ಇಟ್ಟಿದ್ದ. ಮೂರನೆಯದು, ಹಳದಿ ಖಣದ್ದು, ಮ್ಯುಲರ್-ತುರ್ಗೌ ಅನ್ನುವ, ಬೇಗ ಹಣ್ಣಾಗಿ ಬುಟ್ಟಿ ತುಂಬುವ ದ್ರಾಕ್ಷಿಯದು, ಸಕ್ಕರೆ ಬೆರೆಸಿದ ಕೆಳದರ್ಜೆಯ ವೈನು, ಸೂಪರ್‌ಮಾರ್ಕೆಟ್ಟಿನ ತಳದ ಕಪಾಟಿನಲ್ಲಿ ಸಿಕ್ಕಿದ್ದು. ನಾಲ್ಕನೆಯದು ಮೋಸೆಲ್ಲಿನ ರೀಸ್ಲಿಂಗ್, ಷ್ಪೇಟ್‌ಲೇಸೆ, ಹತ್ತು ವರ್ಷ ತನ್ನ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟು ಕಾದದ್ದು. ಒಂದರ ಪಕ್ಕ ಒಂದಿಟ್ಟರೆ ನಾಲಿಗೆ ಇರುವ ಯಾರಿಗಾದರೂ ಗೊತ್ತಾಗುತ್ತದೆ, ಸಿಹಿಯೆಂದರೆ ಎಲ್ಲ ಒಂದೇ ಅಲ್ಲ ಅಂತ. ಹನ್ನೊಂದು ವರ್ಷದ ನಗೆಗೆ ಅದು ಅವನ ಉತ್ತರವಾಗಿತ್ತು. ಎಲ್ಲರೂ ಎರಡನ್ನೂ ರುಚಿ ನೋಡಿ, ಉಗುಳಿ, ವಾಡಿಕೆಯಂತೆ ವಿಟ್ಲಾಕ್ ಅವರ ಮುಖ ನೋಡಿದರು. ಅವರು ಮೂರನೆಯ ಲೋಟವನ್ನು ಬೆಳಕಿಗೆ ಹಿಡಿದರು. ಮೂಸಿದರು. ಕಣ್ಣು ಮುಚ್ಚಿದರು.

“ಇದು ಮೋಸೆಲ್. ಕಲ್ಲಿನ ವಾಸನೆ ಬರುತ್ತಿದೆ ನೋಡಿ. ವಯಸ್ಸಾದ ರೀಸ್ಲಿಂಗ್, ಷ್ಪೇಟ್‌ಲೇಸೆಯೇ ಸರಿ. ಆ ನಾಲ್ಕನೆಯದು ಸಕ್ಕರೆ ಬೆರೆಸಿದ್ದು, ಅಲ್ಲವಾ ಉಮಾ?” ಅಂದರು. ಎರಡು ನಿಮಿಷ ಮಾತಾಡಿದರು, ಆ ಗುಡ್ಡದ ಬಗ್ಗೆ, ಅಲ್ಲಿಯ ಮಂಜಿನ ಬಗ್ಗೆ. ಸರ್ಜನ್ನರು ಹೌದು ಹೌದು ಅಂದರು. ಉಮಾಶಂಕರನ ಕೈಯಲ್ಲಿ ಹಳದಿ ಖಣದ ಬಾಟಲಿ ಇತ್ತು.

“ಇಲ್ಲ ಪೀಟರ್, ನಿಮ್ಮದು ತಪ್ಪು,” ಅಂದ ವಿನಾಯಕ, ಬಿಸ್ಕೀಟು ಜಗಿಯುತ್ತಲೇ. “ನನಗೆ ವೈನ್ ಗೊತ್ತಿಲ್ಲ, ಆದರೆ ಮೂರು ಬರೀ ನಿಂಬೆಹಣ್ಣಿನ ಪಾನಕ. ನಾಲ್ಕೇ ಒಳ್ಳೆಯದು. ಸರ್‌ನ ಕೇಳಿ.”

ಎಲ್ಲರೂ ಉಮಾಶಂಕರನ ಕಡೆ ತಿರುಗಿದರು. ಒಂದು ಕ್ಷಣವೂ ಬೇಕಾಗಲಿಲ್ಲ, ಅದೇ ಅವನಿಗೆ ಆಮೇಲೆ ಆಶ್ಚರ್ಯವೆನ್ನಿಸಿದ್ದು. ಯೋಚಿಸಿ ಹೇಳಿದ ಸುಳ್ಳಾಗಿರಲಿಲ್ಲ ಅದು. ಹಿರಿಯರು ಬಂದಾಗ ಕುರ್ಚಿಯಿಂದ ಏಳುವ ಹಾಗೆ, ಕಾಲು ತಾಗಿದರೆ ಕೈ ಎದೆಗೆ ಹೋಗುವ ಹಾಗೆ, ಮೈಯೇ ಹೇಳಿತು. ನಾಲ್ಕು ಜನರ ಎದುರಿಗೆ, ಅವರದೇ ಮನೆಯಲ್ಲಿ, ಹೆಂಡತಿಯ ಮುಂದೆ, ದೊಡ್ಡವರ ಮಾತು ಬೀಳಿಸುವುದು ಹೇಗೆ? “ಡಾಕ್ಟರ್ ವಿಟ್ಲಾಕ್ ಹೇಳಿದ್ದು ಸರಿ,” ಅಂದ. “ಮೂರೇ ಷ್ಪೇಟ್‌ಲೇಸೆ.” ವಿನಾಯಕ ಎರಡೂ ಕೈ ಎತ್ತಿ, ಸೋತೆ ಅಂದು ನಕ್ಕ. ಯಾರೋ ಚಪ್ಪಾಳೆ ತಟ್ಟಿದರು. ವಿಟ್ಲಾಕ್ ಲೋಟ ಎತ್ತಿ ಅವನಿಗೆ ಸಣ್ಣಗೆ ತೋರಿಸಿದರು, ಗುರು ಶಿಷ್ಯನನ್ನು ಮೆಚ್ಚಿದ ಹಾಗೆ. ಕೆಲಸವಾಯಿತು, ಅಂದುಕೊಂಡ ಉಮಾಶಂಕರ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಹತ್ತು ವರ್ಷ ಕಾದ ಒಳ್ಳೆಯ ವೈನು ಎಲ್ಲರ ಲೋಟಗಳಿಂದ ಬಕೆಟ್ಟಿಗೆ ಸುರಿಯುತ್ತಿದ್ದುದನ್ನು ನೋಡುತ್ತ, ಐದನೆಯದರ ಬಗ್ಗೆ ಏನು ಹೇಳಬೇಕೆಂದುಕೊಂಡಿದ್ದೆ ಎಂಬುದು ಮರೆತುಹೋಗಿ ನಿಂತ.

ಕೂಟ ಮುಗಿದು ಜನ ಮಾರ್ಗರೆಟ್ ಮಾಡಿದ ಸೇಬಿನ ಕಡುಬಿಗೆ ಮುತ್ತಿಕೊಂಡಾಗ ಖಾಲಿ ಬಾಟಲಿಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದ. ಹಳದಿ ಖಣದ್ದನ್ನು ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಿದ್ದಾಗ ಹಿಂದಿನಿಂದ ವಿಟ್ಲಾಕ್ ಬಂದರು. ಷ್ಪೇಟ್‌ಲೇಸೆ ಯಾರ ತೋಟದ್ದು ಅಂತ ಬರೆದುಕೊಳ್ಳಬೇಕಿತ್ತಂತೆ, ಕ್ರಿಸ್‌ಮಸ್‌ಗೆ ತರಿಸುತ್ತಾರಂತೆ. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ರಬ್ಬರ್ ಬ್ಯಾಂಡ್ ಜಾರಿಸಿ ಖಣ ಸರಿಸಿದರು. ನೀಲಿ ಬಾಟಲಿಯ ಮೇಲೆ ಸೂಪರ್‌ಮಾರ್ಕೆಟ್ಟಿನ ಚೀಟಿ. ವಿಟ್ಲಾಕ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನಿಗೆ ಅದನ್ನು ಬಿಗಿಮಾಡಬೇಕು ಅನ್ನಿಸಿತು.

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು, ಸರ್.”

“ಆ ಹುಡುಗ ಸರಿಯಾಗಿಯೇ ಹೇಳಿದ್ದ.”

“ಹೌದು ಸರ್. ನಿಮ್ಮ ಮನೆ, ನಿಮ್ಮ ಅತಿಥಿಗಳು… ಬರೀ ವೈನು ಅಲ್ಲವೆ.”

ವಿಟ್ಲಾಕ್ ಕುರ್ಚಿ ಎಳೆದುಕೊಂಡು ಕೂತರು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು. ಅವರಿಗೂ ದಣಿವಾಗಿತ್ತು. ನಿನ್ನ ಪರವಾಗಿ ನಾನು ಹೇಳಬೇಕಾದದ್ದು ಒಂದೇ ಮಾತು, ಉಮಾ, ಅಂದರು. ಇವನು ನನಗೆ ಸಮಾನ ಅಂತ. ನಾನು ತಪ್ಪಿದಾಗ ನನ್ನನ್ನು ತಡೆಯುತ್ತಾನೆ ಅಂತ. ಹೇಗೆ ಹೇಳಲಿ? ಆ ಟ್ಯೂಬಿನ ದಿನ ನೆನಪಿದೆಯಾ? ಅಂದರು.

ನೆನಪಿಲ್ಲದೆ ಏನು. ಎಷ್ಟೋ ವರ್ಷದ ಹಿಂದೆ, ಹರ್ನಿಯಾದ ಹೆಂಗಸು, ವಿಟ್ಲಾಕ್ ಅವರೇ ಹಾಕಿದ ಟ್ಯೂಬು ಶ್ವಾಸನಾಳ ಬಿಟ್ಟು ಅನ್ನನಾಳಕ್ಕೆ ಹೋಗಿತ್ತು. ಉಸಿರು ತೋರಿಸುವ ಪರದೆಯ ಮೇಲಿನ ಗೆರೆ ಮಲಗಿದ್ದನ್ನು ಮೊದಲು ಕಂಡವನು ಉಮಾಶಂಕರ. ಕಂಡವನು ಕೆಮ್ಮಿದ್ದ. ಆಮೇಲೆ, “ಡಾಕ್ಟರ್ ವಿಟ್ಲಾಕ್, ತಮಗೆ ಬಿಡುವಾದರೆ ಪರದೆ ಒಮ್ಮೆ…” ಅಂತ ಶುರುಮಾಡಿದ್ದ. ಆ ವಾಕ್ಯ ಮುಗಿಯುವ ಮೊದಲೇ ನರ್ಸೊಬ್ಬಳು, ಪೀಟರ್, ಟ್ಯೂಬು ತೆಗೀರಿ ಅಂತ ಕಿರುಚಿದ್ದಳು. ಏನೂ ಆಗಲಿಲ್ಲ. ಹೆಂಗಸು ಮರುದಿನ ಎದ್ದು ಚಹಾ ಕುಡಿದಳು, ಮನೆಗೆ ಹೋಗುವಾಗ ಎಲ್ಲರಿಗೂ ಚಾಕೊಲೇಟ್ ಡಬ್ಬಿ ಕೊಟ್ಟಳು, ಅವನೂ ಒಂದು ತಿಂದ. ಅಂದು ಮನೆಗೆ ಬಂದು, ದೊಡ್ಡವರ ಮರ್ಯಾದೆ ಕಾಪಾಡಿದೆ ಅಂತಲೇ ಅಂದುಕೊಂಡಿದ್ದ. ಅವಳ ತುಟಿ ನೀಲಿಯಾಗುತ್ತಿದ್ದುದನ್ನು ನೆನೆಯದಿರಲು ರೂಢಿ ಮಾಡಿಕೊಂಡಿದ್ದ. ನೀವು ಅದನ್ನೇ ಇಷ್ಟಪಟ್ಟಿರಲ್ಲ ಸರ್, ಅನ್ನಬೇಕೆನಿಸಿತು ಈಗ. ಹದಿನೆಂಟು ವರ್ಷ ನನ್ನ ಕೆಮ್ಮನ್ನೇ ಇಷ್ಟಪಟ್ಟಿರಿ. ಎದುರು ಮಾತಾಡಿದ ಎಷ್ಟು ಜನರನ್ನು ಓಡಿಸಿದಿರಿ, ನನ್ನನ್ನು ಇಟ್ಟುಕೊಂಡಿರಿ. ಅನ್ನಲಿಲ್ಲ. ಹಳದಿ ಖಣವನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯೊಳಗಿಟ್ಟ.

ವಿಟ್ಲಾಕ್ ಎದ್ದರು. “ಹೀಗೆ ಮಾಡೋಣ. ಅವರೆಲ್ಲ ಇನ್ನೂ ಇದ್ದಾರೆ. ಹೋಗಿ ಹೇಳು, ಪೀಟರ್ ತಪ್ಪು ಹೇಳಿದರು ಅಂತ. ಅಷ್ಟೇ. ನಾನು ಬಾಗಿಲಲ್ಲಿ ನಿಂತು ಕೇಳುತ್ತೇನೆ. ಸೋಮವಾರ ನಿನ್ನ ಪರವಾಗಿ ಹೇಳಬೇಕಾದ್ದೆಲ್ಲ ಹೇಳುತ್ತೇನೆ.” ಬಾಟಲಿಯನ್ನು ಅವನ ಕೈಗೆ ಕೊಟ್ಟರು. ಅವರು ಅದನ್ನು ನಿಜವಾಗಿಯೂ ಬಯಸುತ್ತಿದ್ದರು ಅಂತ ಅವನಿಗೆ ಅರ್ಥವಾಯಿತು. ಹುದ್ದೆ ಬಿಟ್ಟು ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿ ಹೋಗಬೇಕು ಅನ್ನುವವರ ಮುಖ ಅದು.

ಅಡುಗೆಮನೆಯಿಂದ ಗಾಜಿನ ಕೋಣೆಗೆ ಎಷ್ಟು ದೂರವಿದ್ದೀತು. ಖಣವಿಲ್ಲದ ನೀಲಿ ಬಾಟಲಿ ಹಿಡಿದು ಅವನು ಒಳಗೆ ಬಂದ. ಮಾರ್ಗರೆಟ್ ಅವನಿಗೆಂದು ಕಡುಬಿನ ತಟ್ಟೆ ಹಿಡಿದು ಬರುತ್ತಿದ್ದರು, ಮೊಟ್ಟೆ ಹಾಕಿಲ್ಲ ಅಂತ ಮೆಲ್ಲಗೆ ಹೇಳಿದರು. ಸರ್ಜನ್ ಒಬ್ಬ ಬಾಟಲಿ ನೋಡಿ ಹುಬ್ಬೇರಿಸಿದ. ಬಾಗಿಲಲ್ಲಿ ವಿಟ್ಲಾಕ್. ಮೂರೇ ಮಾತು. ಪೀಟರ್ ತಪ್ಪು ಹೇಳಿದರು. ಮನಸ್ಸಿನಲ್ಲಿ ಜೋಡಿಸಿಕೊಂಡ, ಮಕ್ಕಳು ಶಾಲೆಯಲ್ಲಿ ಸ್ವಾಗತ ಭಾಷಣ ಜೋಡಿಸಿಕೊಳ್ಳುವ ಹಾಗೆ. ಹೇಳು, ಹೇಳಿಬಿಡು, ಅಂಬುಜಾ ಅಂದಿದ್ದಳು, ಬಾಯಿಬಿಟ್ಟು. ಬಾಯಿ ಬಿಟ್ಟ.

“ಕ್ಷಮಿಸಬೇಕು, ಒಂದು ತಪ್ಪಾಗಿದೆ,” ಅಂದ. “ಬಟ್ಟೆ ಸುತ್ತುವಾಗ ನಾನೇ ಅದಲುಬದಲು ಮಾಡಿಬಿಟ್ಟಿದ್ದೆ. ಮೂರನೆಯದು ಅಗ್ಗದ್ದು. ನಾಲ್ಕು ಷ್ಪೇಟ್‌ಲೇಸೆ. ಡಾಕ್ಟರ್ ವಿಟ್ಲಾಕ್ ಅವರಿಗೆ ನಾನು ತಪ್ಪು ದಾರಿ ತೋರಿಸಿದೆ. ತಪ್ಪು ನನ್ನದು.”

ಎಲ್ಲರೂ ಹೋ ಅಂತ ನಕ್ಕರು. ಪಾಪ ಉಮಾ, ಅಂದರು ಯಾರೋ, ವಾರವಿಡೀ ಆನ್-ಕಾಲ್ ಮಾಡಿದರೆ ಯಾರಿಗಾದರೂ ಹಾಗೇ. ವಿನಾಯಕ, ನಾನು ಹೇಳಲಿಲ್ಲವಾ, ನಾನು ಹೇಳಲಿಲ್ಲವಾ ಅಂತ ಕುಣಿದ. ನಗು ಬೆಚ್ಚಗಿತ್ತು, ಹಗೆ ಇರಲಿಲ್ಲ, ಅದರಲ್ಲಿ ಅವನಿಗೆ ಒಂದು ಜಾಗವೂ ಇತ್ತು, ಯಾವಾಗಲೂ ಇದ್ದ ಅದೇ ಜಾಗ. ಅವನು ಬಾಗಿಲ ಕಡೆ ನೋಡಿದ. ವಿಟ್ಲಾಕ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಉಮಾಶಂಕರ ಹೊರಟಾಗ ಅವನ ಭುಜ ತಟ್ಟಿ, “ಒಳ್ಳೆಯ ಮಧ್ಯಾಹ್ನ, ಉಮಾ. ಅಂಬುಜಾಗೆ ನಮಸ್ಕಾರ ತಿಳಿಸು,” ಅಂದರು. ಸೋಮವಾರದ ಮಾತು ಆಡಲಿಲ್ಲ. ಅವನೂ ಕೇಳಲಿಲ್ಲ.

ಕಾರಿನವರೆಗೆ ಪೆಟ್ಟಿಗೆ ಹೊತ್ತು ಬಂದ ವಿನಾಯಕ ಡಿಕ್ಕಿ ಮುಚ್ಚಿದ. “ಸರ್, ನೀವು ಅದಲುಬದಲು ಮಾಡ್ಲಿಲ್ಲ, ಅಲ್ವಾ?” ಅಂದ. ತಮಾಷೆಯ ದನಿಯಲ್ಲ. “ನೀವು ಸಿರಿಂಜಿಗೆ ಲೇಬಲ್ ಹಾಕೋದನ್ನ ನಾನು ನೋಡಿದೀನಿ ಸರ್. ನೀವು ಮಾಡಲ್ಲ.” ಉಮಾಶಂಕರ, ವಯಸ್ಸಾಯಿತಪ್ಪ, ಅಂದ. ವಿನಾಯಕ ಕಾರಿನ ಬಾಗಿಲು ತೆರೆದು ಹಿಡಿದು, “ಹುಷಾರಾಗಿ ಹೋಗಿ ಸರ್,” ಅಂದ.

ದಾರಿಯಲ್ಲಿ ಕೆಂಪು ದೀಪಕ್ಕೆ ನಿಂತಾಗ, ಪೀಟರ್, ನಿಮ್ಮದು ತಪ್ಪು, ಅಂತ ಗಟ್ಟಿಯಾಗಿ ಹೇಳಿ ನೋಡಿದ. ಸಲೀಸಾಗಿ ಬಂತು. ಇನ್ನೊಮ್ಮೆ ಹೇಳಿದ, ಸ್ಟೀರಿಂಗಿಗೆ ಗುದ್ದಿ. ಪಕ್ಕದ ಕಾರಿನ ಹೆಂಗಸು ಇವನ ಕಡೆ ತಿರುಗಿ, ಬೇಗ ಮುಖ ಆ ಕಡೆ ಮಾಡಿಕೊಂಡಳು. ಮನೆ ಮುಟ್ಟುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಗೆಳತಿಯ ಕಾರಿನಲ್ಲಿ ಟಿವಿಡೇಲಿನ ಬಾಲಾಜಿ ಗುಡಿಗೆ ಹೋಗಿ ಬಂದಿದ್ದ ಅಂಬುಜಾ ಕುಂಕುಮ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ, ಆಗುತ್ತದೆ ಅಂದುಬಿಡೋಣವೆನ್ನಿಸಿತು. ಆದರೆ ಅದಕ್ಕೂ ತ್ರಾಣ ಬೇಕಲ್ಲ. ಮೆಟ್ಟಿಲ ಮೇಲೆ ಕೂತು, ಬೂಟಿನ ಲೇಸು ಬಿಚ್ಚುತ್ತ, ಒಂದೂ ಬಿಡದೆ ಎಲ್ಲ ಹೇಳಿದ. ಮೂರನೆಯ ಬಾಟಲಿ, ವಿನಾಯಕ, ಅಡುಗೆಮನೆ, ವಿಟ್ಲಾಕ್ ಕೊಟ್ಟ ಅವಕಾಶ, ತಾನು ಆಡಿದ ಮಾತು. “ಮುಗೀತು,” ಅಂದ. “ಇನ್ನ ಹಿಂಗ ರಿಟೈರ್ ಆಗ್ತೀನಿ ನಾನು.”

ಬಯ್ಯುತ್ತಾಳೆ, ಇಲ್ಲ ಅಳುತ್ತಾಳೆ ಅಂತ ಅವನು ಕಾದ.

“ಒಂದು ಮಾತು ಕೇಳಲೇನ್ರೀ?” ಅಂದಳು ಅಂಬುಜಾ. “ತಪ್ಪು ಅನ್ನೋ ಮಾತು ನಿಮಗ ಬರೂದ ಇಲ್ಲೇನು? ನನಗ ದಿನಾ ಅಂತೀರಲ್ಲ. ಇಂಗ್ಲಿಷ್ ತಪ್ಪು ಮಾತಾಡ್ದಿ, ಗಾಡಿ ತಪ್ಪು ನಿಲ್ಸಿದಿ, ನಿನಗೇನು ತಿಳೀತದ ಸುಮ್ಕಿರು. ಮದುವ್ಯಾದಾಗಿಂದ ಕೇಳಾಕ ಹತ್ತೇನಿ. ಎಷ್ಟು ಚಲೋ ಹೇಳ್ತೀರಿ! ಥಟ್ಟನ ಹೇಳ್ತೀರಿ, ಕೆಮ್ಮೂದಿಲ್ಲ, ಕ್ಷಮಾ ಕೇಳೂದಿಲ್ಲ. ಇಡೀ ಇಂಗ್ಲೆಂಡಿನಾಗ ನಾನೊಬ್ಬಾಕಿ ಸಿಕ್ಕೇನೇನು ನಿಮಗ?”

ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕ ತಾಳೆಯಾಗದೆ ಕೇಳಿದವಳಂತೆ ಕೇಳಿದಳು, ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಇನ್ನೊಂದು ಲೇಸಿಗೆ ಕೈಹಾಕಿದ. ಒಂದು ಬೂಟು ಕಾಲಲ್ಲೇ ಇತ್ತು.

“ಏಳ್ರಿ,” ಅಂದಳು ಅವಳೇ. “ಕೈ ತೊಳಕೊಳ್ರಿ. ಉಂಡಿಲ್ಲ ನೀವು.”

ಅನ್ನ ಹಾಕಿ ಸಾರು ಹಾಕಿದಳು. ಎದುರು ಕೂತು, ತಾನು ಉಣ್ಣದೆ, ಅವನು ಉಣ್ಣುವುದನ್ನು ನೋಡಿದಳು. ಅವನು ತಲೆ ಎತ್ತದೆ ಒಂದಾದ ಮೇಲೊಂದು ತುತ್ತು ನುಂಗಿದ.

“ಹೆಂಗಾಗ್ಯದ್ರೀ ಸಾರು?”

“ಚಲೋ ಆಗ್ಯದ,” ಅಂದ.

ಅಂಬುಜಾ ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ಬಾಯಿಗೆ ಹಚ್ಚಿದಳು. ಹಾಗೆಯೇ ಅವನನ್ನು ನೋಡಿದಳು.

“ಉಪ್ಪ ಹಾಕಿಲ್ಲಲ್ರೀ ಇದಕ್ಕ,” ಅಂದಳು. “ನನಗೂ ‘ಹೌದು ಸರ್’ ಶುರು ಮಾಡಿದ್ರೇನು?”